ಹಸಿವೆಗೆ ‘ನಾಳೆ ಬಾ’ ಎಂದ ಕಥೆ

ನನ್ನ ಮಾರ್ಗದರ್ಶನದಲ್ಲಿ ಒಬ್ಬ ಮನುಷ್ಯ ಒಂಬತ್ತು ಕಿಲೋ ತೂಕ ಇಳಿಸಿದ್ದಾರೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಏಕೆಂದರೆ ಮುಂದೆ ಓದುತ್ತ ಹೋದಂತೆ ನನ್ನ ಮೇಲಿನ ನಿಮ್ಮ ಗೌರವವೂ ಸ್ವಲ್ಪ ಇಳಿಯುವ ಸಂಭವವಿದೆ.

ಇದು ತೊಂಬತ್ತರ ದಶಕದ ಮಾತು. ಆಗ ನಾನು ಹೈದರಾಬಾದಿನ ಹಿಮಾಯತ್‌ನಗರದ ಒಂದು ಸರ್ಕಾರಿ ಕಚೇರಿಯಲ್ಲಿ ಸೂಪರಿಂಟೆಂಡೆಂಟ್. ಮನೆ ಬರ್ಕತ್‌ಪುರದಲ್ಲಿ. ಮೂಲ ಕಲಬುರ್ಗಿ ಕಡೆಯವರಾದರೂ ನಮ್ಮ ತಂದೆಯ ಕಾಲದಿಂದ ಆಂಧ್ರದ ರಾಜಧಾನಿಯ ಅನ್ನವೇ ನಮ್ಮದು. ಆ ಅನ್ನವನ್ನು ನಾನು ತುಸು ಜಾಸ್ತಿಯೇ ಉಂಡಿದ್ದೆ. ತೂಕ ಎಂಬತ್ತಾರು ಕಿಲೋ. ಎತ್ತರದ ವಿಷಯ ಬೇಡ. ಅದರಲ್ಲಿ ನಾನು ಮಿತಭಾಷಿ.

ಒಂದು ಸಂಜೆ ಕಾಚಿಗೂಡ ಸ್ಟೇಷನ್ ಮುಂದೆ ಶೇರ್ ಆಟೊ ಹತ್ತಿದೆ. ಹಿಂದಿನ ಸೀಟಿನಲ್ಲಿ ಮೂವರನ್ನು ಕೂಡಿಸುವುದು ವಾಡಿಕೆ. ನನ್ನ ಪಕ್ಕ ಒಬ್ಬರು ಹೇಗೋ ತೂರಿಕೊಂಡರು. ಮೂರನೆಯವರು ಕಾಲಿಟ್ಟದ್ದೇ ತಡ, ಚಾಲಕ ಕೈ ಅಡ್ಡ ಹಿಡಿದ.

“ನಕ್ಕೋ ಭಾಯ್, ಸೀಟ್ ಫುಲ್! ಯೇ ಸಾಬ್ ದೋ ಸವಾರಿ ಹೈ!”

ಈ ಸಾಹೇಬರೇ ಇಬ್ಬರು! ಸರ್ಕಾರಿ ದಾಖಲೆಗಳ ಪ್ರಕಾರ ನಾನು ಒಬ್ಬನೇ. ಆದರೆ ಆಟೊದಲ್ಲಿ ದಾಖಲೆ ನಡೆಯುವುದಿಲ್ಲ.

ಮನೆಗೆ ಬಂದವನೇ ಹೆಂಡತಿ ಸುವರ್ಣಾಳನ್ನು ಕರೆದು ಘೋಷಿಸಿದೆ. “ನಾಳೆಯಿಂದ ನಾನು ತೂಕ ಇಳಸಾಂವ.”

ಅವಳು ಜೋಳದ ಹಿಟ್ಟು ನಾದುತ್ತಿದ್ದಳು. ತಲೆ ಎತ್ತಲಿಲ್ಲ. “ಹಸಿವಿ ಆದ್ರ ಏನ್ ಮಾಡ್ತೀರಿ? ಮೊನ್ನೆ ಪೂಜಿ ಮುಗಿಯೂತನಕ ತಡಕೊಳ್ಳಾಕ ಆಗಲಿಲ್ಲ ನಿಮಗ. ಮಂಗಳಾರತಿಕಿಂತ ಮೊದಲ ಬಾಳಿಹಣ್ಣು ತಿಂದ್ರಿ.”

“ಅದು ಹಳೇ ಮಾತು. ಹಸಿವಿನ ಹ್ಯಾಂಗ ಎದುರಿಸಬೇಕು ಅಂತ ನಾನು ಪೂರಾ ಯೋಚನಿ ಮಾಡೀನಿ.”

ನಿಜವಾಗಿಯೂ ಮಾಡಿದ್ದೆ. ಇಪ್ಪತ್ತೆರಡು ವರ್ಷಗಳ ಸರ್ಕಾರಿ ಸೇವೆಯ ಅನುಭವವೆಲ್ಲ ಅದರಲ್ಲಿತ್ತು. ಹಸಿವೆಯನ್ನು ಒಂದು ಅರ್ಜಿಯಂತೆ ಕಾಣಬೇಕು. ಬಂದ ಕೂಡಲೇ ಮಂಜೂರು ಮಾಡಬಾರದು. “ನಾಳೆ ಬಾ” ಎನ್ನಬೇಕು. ಮತ್ತೆ ಬಂದರೆ “ಸಾಹೇಬರಿಲ್ಲ” ಎನ್ನಬೇಕು. ನಾಲ್ಕು ಸಲ ಅಲೆದಾಡಿಸಿದರೆ ಅದು ತಾನಾಗಿಯೇ ಬರುವುದನ್ನು ಬಿಡುತ್ತದೆ. ನಮ್ಮ ಕಚೇರಿಯಲ್ಲಿ ಎಷ್ಟೋ ಜನ ಬಿಟ್ಟಿದ್ದಾರೆ!

ಮೊದಲ ಮೂರು ದಿನ ಅದ್ಭುತವಾಗಿ ನಡೆಯಿತು. ಬೆಳಿಗ್ಗೆ ಒಂದೇ ರೊಟ್ಟಿ. ಹನ್ನೊಂದಕ್ಕೆ ಹೊಟ್ಟೆ ಕೂಗಿದರೆ ಒಂದು ಲೋಟ ನೀರು. ನಾಲ್ಕಕ್ಕೆ ಕೂಗಿದರೆ ಹಲ್ಲುಜ್ಜುವುದು. ಹಲ್ಲುಜ್ಜಿದ ಬಾಯಿಗೆ ತಿನ್ನುವ ಮನಸ್ಸಾಗುವುದಿಲ್ಲ ಎಂಬುದು ನನ್ನದೇ ಸಂಶೋಧನೆ. ಮೂರನೆಯ ದಿನ ಕಚೇರಿಯಲ್ಲಿ ಬಾಯ್ತುಂಬ ನೊರೆ ತುಂಬಿಕೊಂಡಿದ್ದಾಗಲೇ ದೊಡ್ಡ ಸಾಹೇಬರು ಒಂದು ಕಡತದ ಬಗ್ಗೆ ಕೇಳಿದರು. ಉತ್ತರಿಸಿದೆ. ಆ ಕಡತವನ್ನು ಆಮೇಲೆ ಒರೆಸಿ ಒಣಗಿಸಬೇಕಾಯಿತು.

ನಾಲ್ಕನೆಯ ದಿನ ನನ್ನ ಆತ್ಮವಿಶ್ವಾಸ ಉಕ್ಕಿ ಹರಿಯುತ್ತಿತ್ತು. ಅಂಗಳದಲ್ಲಿ ನಿಂತು ಪೇಪರ್ ಹಾಕುವವನಿಗೆ, ತರಕಾರಿ ಗಾಡಿಯವನಿಗೆ, ಯಾರು ಸಿಕ್ಕರೆ ಅವರಿಗೆ ಹಸಿವೆಯ ನಿಗ್ರಹದ ಬಗ್ಗೆ ಉಪನ್ಯಾಸ ಮಾಡತೊಡಗಿದೆ. ಇದನ್ನು ಪಕ್ಕದ ಮನೆಯ ಸೀತಮ್ಮನವರು ಕೇಳಿಸಿಕೊಂಡರು. ಅನಾಹುತ ಅಲ್ಲಿಂದ ಶುರು.

ನಮ್ಮದು ಒಂದೇ ಹಳೆಯ ಮನೆಯನ್ನು ನಡುವೆ ಗೋಡೆ ಹಾಕಿ ಎರಡು ಮಾಡಿದ್ದು. ಗೋಡೆಯ ಆಚೆ ಸೀತಮ್ಮ ಮತ್ತು ಅವರ ಪತಿ ವೆಂಕಟರಾವ್ ಗಾರು. ರಾಯರು ತೆಲುಗಿನವರು, ನಿವೃತ್ತ ಮೇಷ್ಟ್ರು. ರಾಯಚೂರಿನಲ್ಲಿ ಹತ್ತು ವರ್ಷ ಪಾಠ ಹೇಳಿದ್ದರಿಂದ ಕನ್ನಡ ಚೆನ್ನಾಗಿ ಬರುತ್ತಿತ್ತು, ತೆಲುಗಿನ ಒಗ್ಗರಣೆಯೊಂದಿಗೆ. ಅವರಿಗೆ ಹರ್ನಿಯಾ ಆಪರೇಷನ್ ಆಗಬೇಕಾಗಿತ್ತು. ತೂಕ ಎಂಬತ್ತೆಂಟು. ಎಂಟು ಕಿಲೋ ಇಳಿಸದೆ ಬಂದರೆ ತಾನು ಕತ್ತರಿ ಮುಟ್ಟುವುದಿಲ್ಲ ಎಂದು ಡಾಕ್ಟರು ಖಡಾಖಂಡಿತ ಹೇಳಿದ್ದರಂತೆ. ನೋವು ದಿನದಿಂದ ದಿನಕ್ಕೆ ಹೆಚ್ಚುತ್ತಿತ್ತು. ರಾಯರು ಮಾತ್ರ ಗಾರೆಲು ಬಿಡುತ್ತಿರಲಿಲ್ಲ. ಗಾರೆಲು ಎಂದರೆ ನಮ್ಮ ಉದ್ದಿನ ವಡೆಯೇ.

ಸೀತಮ್ಮ ಕಣ್ಣೊರೆಸಿಕೊಳ್ಳುತ್ತ ಬಂದರು. “ಅನ್ನಯ್ಯಗಾರು, ಇವರನ್ನ ನಿಮ್ಮ ಕೈಯಾಗ ಹಾಕ್ತೀನಿ. ನನ್ನ ಮಾತು ಕೇಳೂದಿಲ್ಲ. ನೀವೇ ದಾರಿಗೆ ತರಬೇಕಂಡಿ.”

ಹಿಂದೆ ರಾಯರು ಅಪರಾಧಿಯಂತೆ ನಿಂತಿದ್ದರು. “ಶರಣಪ್ಪಗಾರು, ಆಕಲಿ ಬಂದ್ರೆ ನನಗ ಕಣ್ಣು ಕಾಣೂದಿಲ್ಲಂಡಿ,” ಎಂದು ಹೊಟ್ಟೆ ಮುಟ್ಟಿ ತೋರಿಸಿದರು.

“ಚಿಂತಿ ಬ್ಯಾಡ್ರಿ. ಹಸಿವಿ ಬಂದಾಗ ಗ್ವಾಡಿ ಬಡೀರಿ. ನಾ ಈ ಕಡೆಯಿಂದ ಎರಡು ಸಲ ಬಡೀತೀನಿ. ಅಂದ್ರ ‘ಧೈರ್ಯವಾಗಿರ್ರಿ, ನಾನೂ ತಡಕೊಂಡು ಕುಂತೀನಿ’ ಅಂತ ಅರ್ಥ.”

ಸುವರ್ಣಾ ನನ್ನನ್ನೇ ನೋಡಿದಳು. ಅವರು ಹೋದ ಮೇಲೆ ಕೇಳಿದಳು. “ಮಂದಿ ಜೀವದ ಪ್ರಶ್ನಿ ಐತ್ರಿ. ನಿಮ್ಮ ಕೈಲೆ ಆಕ್ಕತೇನು?”

“ಮೂರು ದಿನ ಆಗೇತಲ್ಲ!” ಎಂದೆ.

ಐದನೆಯ ದಿನ ಆಗಲಿಲ್ಲ.

ಅಂದು ಭಾನುವಾರ. ಸುವರ್ಣಾ ಗುಡಿಗೆ ಹೋಗಿದ್ದಳು. ಕಪಾಟಿನ ಮೇಲೆ ಶೇಂಗಾ ಉಂಡಿಯ ಡಬ್ಬಿ ಇತ್ತು. ತಿನ್ನುವ ಉದ್ದೇಶ ನನಗೆ ಖಂಡಿತ ಇರಲಿಲ್ಲ. ಉಂಡಿ ಕೆಟ್ಟಿದೆಯೋ ಹೇಗೆ ಎಂದು ಪರೀಕ್ಷಿಸುವುದು ಮನೆಯ ಯಜಮಾನನಾಗಿ ನನ್ನ ಕರ್ತವ್ಯವಾಗಿತ್ತು. ಮೊದಲನೆಯದು ಕೆಟ್ಟಿರಲಿಲ್ಲ. ಆದರೆ ಒಂದೇ ಉಂಡಿಯ ಆಧಾರದ ಮೇಲೆ ಇಡೀ ಡಬ್ಬಿಯ ಬಗ್ಗೆ ತೀರ್ಮಾನಕ್ಕೆ ಬರುವುದು ನ್ಯಾಯವಲ್ಲ. ಎರಡನೆಯದೂ ಸರಿಯಿತ್ತು. ಮೂರನೆಯದನ್ನು ಇಡಿಯಾಗಿ ಬಾಯಿಗೆ ಹಾಕಿದೆ. ಅದೇ ಹೊತ್ತಿಗೆ ಗೋಡೆ ಬಡಿದ ಸದ್ದು! ನಾನು ಗಾಬರಿಯಲ್ಲಿ ಉತ್ತರ ಕೊಡುವುದನ್ನೇ ಮರೆತೆ. ಎರಡು ನಿಮಿಷದಲ್ಲಿ ರಾಯರೇ ಬಾಗಿಲಲ್ಲಿ!

“ಗುರುಗಾರು, ಆಕಲಿ! ತಡಕೊಳ್ಳಾಕ ಆಗವಲ್ದು. ಏನ್ ಮಾಡ್ಲಿ ಹೇಳ್ರಿ!”

ಹೇಳುವುದು ಹೇಗೆ? ಬಾಯಲ್ಲಿ ನಿಂಬೆಗಾತ್ರದ ಉಂಡಿ! ನಾನು ತುಟಿಯ ಮೇಲೆ ಬೆರಳಿಟ್ಟು, ಕಣ್ಣು ಮುಚ್ಚಿ, ನೆಲದ ಮೇಲೆ ಪದ್ಮಾಸನ ಹಾಕಲು ನೋಡಿದೆ. ಕಾಲು ಅಷ್ಟು ದೂರ ಬರಲಿಲ್ಲ. ಸುಮ್ಮನೆ ಕುಳಿತೆ.

ರಾಯರು ಕೈ ಮುಗಿದರು. “ಮೌನ! ಅರ್ಥ ಆಯ್ತಂಡಿ. ಹಸಿವಿ ಬಂದಾಗ ಮೌನ!” ಎಂದು ನನ್ನೆದುರೇ ಕಣ್ಣು ಮುಚ್ಚಿ ಕುಳಿತರು. ಅರ್ಧ ಗಂಟೆ ಕುಳಿತರು! ನಡುನಡುವೆ ಭಕ್ತಿಯಿಂದ ನನ್ನ ಮುಖ ನೋಡುತ್ತಿದ್ದುದರಿಂದ ನಾನು ದವಡೆ ಆಡಿಸುವಂತಿರಲಿಲ್ಲ. ಬೆಲ್ಲ ಕರಗಿತು. ಶೇಂಗಾ ಕರಗುವ ಪದಾರ್ಥವಲ್ಲ ಎಂಬುದು ಅಂದು ನನಗೆ ಸ್ಪಷ್ಟವಾಯಿತು.

ಕೊನೆಗೆ ರಾಯರು ಎದ್ದರು. ಹಸಿವೆ ಹೋಗಿತ್ತಂತೆ! ಅಂದಿನಿಂದ ಅವರು ಹಸಿವಾದಾಗಲೆಲ್ಲ ಅರ್ಧ ಗಂಟೆ ಮೌನ ಕೂಡುವ ಪದ್ಧತಿ ಹಿಡಿದರು. ತಿಂಗಳಲ್ಲಿ ಎರಡೂವರೆ ಕಿಲೋ ಇಳಿದರು.

ಮನೆಯಲ್ಲಿ ತಿನ್ನುವುದು ಅಪಾಯ ಎಂದು ನಾನು ಕಾರ್ಯಕ್ಷೇತ್ರ ಬದಲಾಯಿಸಿದೆ. ಸಂಜೆ “ವಾಕಿಂಗ್” ಎಂದು ಹೇಳಿ ಹೊರಟು, ಕಾಚಿಗೂಡ ಸ್ಟೇಷನ್ ಹೊರಗಿನ ಒಂದು ಬಂಡಿಯ ಮುಂದೆ ನಿಲ್ಲುತ್ತಿದ್ದೆ. ಆ ಬಂಡಿಯ ಮಿರ್ಚಿ ಭಜಿಯ ವರ್ಣನೆ ಇಲ್ಲಿ ಮಾಡುವುದಿಲ್ಲ. ಓದುವವರಲ್ಲಿಯೂ ಯಾರಾದರೂ ತೂಕ ಇಳಿಸುತ್ತಿರಬಹುದು. ಅಲ್ಲಿಯವರೆಗೆ ನಡೆದೇ ಹೋಗುತ್ತಿದ್ದೆ, ನಡೆದೇ ಬರುತ್ತಿದ್ದೆ. ಹಾಗಾಗಿ ಭಜಿಯ ಲೆಕ್ಕ ನಡಿಗೆಯಲ್ಲಿ ವಜಾ ಆಗುತ್ತದೆ ಎಂಬ ಧೈರ್ಯವಿತ್ತು.

ರಾಯರು ತಾವೂ ಬರುತ್ತೇನೆಂದರು. ನಾನು ಗಂಭೀರವಾಗಿ, “ಗುರು ಶಿಷ್ಯರು ಒಂದ ದಾರಿ ಹಿಡಿಯಬಾರದ್ರಿ. ನೀವು ನಾರಾಯಣಗೂಡ ಕಡೆ ಹೋಗ್ರಿ,” ಎಂದೆ. ಅವರು ಹೋದರು. ಮಳೆ ಬಂದರೂ ಹೋದರು. ಇನ್ನೂ ಮೂರು ಕಿಲೋ!

ಒಂದು ಸಂಜೆ ಬಂಡಿಯವನು ಬಾಣಲೆಯಿಂದ ಆಗಷ್ಟೇ ತೆಗೆದ ಎರಡು ಭಜಿಗಳನ್ನು ಕಾಗದದಲ್ಲಿ ಸುತ್ತಿ ಕೈಗಿಟ್ಟ. ತಲೆ ಎತ್ತುತ್ತೇನೆ, ಎದುರಿಗೆ ರಾಯರು! ನಾದಿನಿಯನ್ನು ರೈಲು ಹತ್ತಿಸಲು ಬಂದಿದ್ದರಂತೆ. ಯೋಚಿಸಲು ಸಮಯವಿರಲಿಲ್ಲ. ಭಜಿಗಳನ್ನು ಪೈಜಾಮಾದ ಕಿಸೆಗೆ ತುರುಕಿದೆ.

ಅದು ತೆಳ್ಳನೆಯ ಹತ್ತಿಯ ಪೈಜಾಮಾ.

ಮೊದಲ ಎರಡು ಕ್ಷಣ ನಾನು ನಗುತ್ತ ನಮಸ್ಕಾರ ಮಾಡಿದೆ. ಮೂರನೆಯ ಕ್ಷಣ ಬಲಗಾಲು ತಾನಾಗಿಯೇ ಮೇಲೆದ್ದಿತು. ಆಮೇಲೆ ಎಡಗಾಲು. ಆಮೇಲೆ ಎರಡೂ!

“ಇದೇನಂಡಿ ಗುರುಗಾರು?”

“ವ್ಯಾ... ವ್ಯಾಯಾಮ! ಹೊಟ್ಟಿ ಕರಗಸೂದು... ಅಯ್ಯೋ... ಭಾಳ ಚಲೋ!”

ಹರ್ನಿಯಾ ಇದ್ದವರು ಕುಣಿಯಬಾರದು ಎಂಬಷ್ಟು ಜ್ಞಾನ ಪುಣ್ಯಕ್ಕೆ ಆ ಉರಿಯಲ್ಲೂ ನನಗಿತ್ತು. ರಾಯರು ಕಾಲೆತ್ತಲು ಹೊರಟಾಗ “ನೀವು ಬ್ಯಾಡ್ರಿ! ಆಪರೇಷನ್ ಆದಮ್ಯಾಲೆ!” ಎಂದು ಕುಣಿಯುತ್ತಲೇ ಕೂಗಿದೆ. ರಿಕ್ಷಾದವರು, ಕೂಲಿಗಳು, ರೈಲಿಗೆ ಹೊರಟ ಪ್ರಯಾಣಿಕರು ಸುತ್ತ ನೆರೆದರು. ಬಂಡಿಯವನು ಮಾತ್ರ ಶಾಂತವಾಗಿ ಕೇಳಿದ, “ಸಾಬ್, ಚಟ್ನಿ ನಕ್ಕೋ ಕ್ಯಾ?”

ಅದೃಷ್ಟಕ್ಕೆ ರೈಲಿನ ಗದ್ದಲದಲ್ಲಿ ರಾಯರಿಗೆ ಅದು ಕೇಳಿಸಲಿಲ್ಲ.

ಮನೆಯಲ್ಲಿ ಸುವರ್ಣಾ ಪೈಜಾಮಾ ಹಿಡಿದು ನಿಂತಳು. “ಕಿಸೆದಾಗ ಮಿರ್ಚಿ ಭಜಿ! ಇದೂ ಅರ್ಜಿ ಏನ್ರೀ? ಮಂಜೂರು ಆಗಿ ಕಿಸೆಕ್ಕ ಬಂದೈತಿ!” ತೊಡೆಗೆ ಮುಲಾಮು ಹಚ್ಚುತ್ತ ಗಟ್ಟಿಯಾಗಿಯೇ ಒತ್ತಿದಳು. “ರಾಯರಿಗೆ ಖರೇ ಹೇಳಿಬಿಡ್ರಿ.”

“ಆಪರೇಷನ್ ಮುಗೀಲಿ. ಈಗ ಹೇಳಿದ್ರ ಅವರ ಧೈರ್ಯ ಕುಸೀತೈತಿ,” ಎಂದೆ. ಕುಸಿಯುವುದು ಯಾರದು ಎಂಬುದು ಅವಳಿಗೂ ಗೊತ್ತಿತ್ತು.

ನಾಲ್ಕು ತಿಂಗಳಲ್ಲಿ ರಾಯರು ಎಪ್ಪತ್ತೊಂಬತ್ತಕ್ಕೆ ಇಳಿದರು. ಡಾಕ್ಟರು ಆಪರೇಷನ್ನಿಗೆ ದಿನ ಕೊಟ್ಟರು. ಆಸ್ಪತ್ರೆಗೆ ಹೊರಡುವ ಮುಂಜಾನೆ ರಾಯರು ನಮ್ಮ ಮನೆಗೆ ಬಂದು ನನ್ನ ಎರಡೂ ಕೈ ಹಿಡಿದುಕೊಂಡರು.

“ಎಷ್ಟೋ ಸಲ ಡಬ್ಬಿಗೆ ಕೈ ಹಾಕಿದ್ದೆನಂಡಿ. ಆಗ ನೆನಪಾಗ್ತಿತ್ತು, ಗೋಡೆ ಆಚೆ ಶರಣಪ್ಪಗಾರು ನನ್ನ ಸಲುವಾಗಿ ಹಸಕೊಂಡು ಕುಂತಾರ ಅಂತ. ಕೈ ಹಿಂದ ತಕ್ಕೊಂಡೆ.”

ಅವರು ಆಸ್ಪತ್ರೆಯಲ್ಲಿದ್ದ ಮೂರು ದಿನ ನಾನು ಒಂದು ರೊಟ್ಟಿ, ಒಂದು ಲೋಟ ಮಜ್ಜಿಗೆಯ ಮೇಲೆಯೇ ಇದ್ದೆ. ಇದನ್ನು ಸುವರ್ಣಾ ಬೇಕಾದರೆ ದೃಢೀಕರಿಸುತ್ತಾಳೆ. ಆಪರೇಷನ್ ಚೆನ್ನಾಗಿ ಆಗಿ, ನಾಲ್ಕನೆಯ ದಿನ ರಾಯರು ಮನೆಗೆ ಬಂದರು. ಆ ಸಂತೋಷಕ್ಕೆ ಆರು ಭಜಿ ತಿಂದೆ.

ಹದಿನೈದು ದಿನಗಳ ನಂತರ ಸೀತಮ್ಮ ನಮ್ಮನ್ನು ಊಟಕ್ಕೆ ಕರೆದರು. ಆಪರೇಷನ್ ಮಾಡಿದ ಡಾಕ್ಟರೂ ಬಂದಿದ್ದರು. ಅವರಿಗೆ ನನ್ನನ್ನು ನೋಡುವ ಆಸೆಯಿತ್ತಂತೆ. ರಾಯರು ಹೆಮ್ಮೆಯಿಂದ ಪರಿಚಯಿಸಿದರು, “ಇವರೇ ನಮ್ಮ ಗುರುಗಾರು!”

ಡಾಕ್ಟರು ನನ್ನ ಮುಖ ನೋಡಿದರು. ಆಮೇಲೆ ಹೊಟ್ಟೆ ನೋಡಿದರು. ಮುಖಕ್ಕಿಂತ ಹೊಟ್ಟೆಯನ್ನು ಹೆಚ್ಚು ಹೊತ್ತು ನೋಡಿದರು. “ಇವರಾ?” ಎಂದರು.

ಮೂಲೆಯಲ್ಲಿ ರಾಯರ ತೂಕದ ಯಂತ್ರವಿತ್ತು. “ಸ್ವಲ್ಪ ನಿಲ್ಲಿ,” ಎಂದರು ಡಾಕ್ಟರು. ನಾನು ಊಟ ಆರುತ್ತದೆ ಎಂದೆ. ಯಾರೂ ಕೇಳಲಿಲ್ಲ. ನಿಂತೆ. ಮುಳ್ಳು ಎಂಬತ್ತಾರನ್ನು ದಾಟಿ, ಒಂದು ಕ್ಷಣ ಯೋಚಿಸಿ, ತೊಂಬತ್ತಕ್ಕೆ ಬಂದು ನೆಲೆಸಿತು.

“ಯಂತ್ರ ಕೆಟ್ಟಿರಬೇಕಂಡಿ,” ಎಂದರು ರಾಯರು, ನನ್ನ ಮಾನ ಉಳಿಸಲು. ಡಾಕ್ಟರು ತಾವೇ ನಿಂತು ನೋಡಿದರು. ಯಂತ್ರ ಆರೋಗ್ಯವಾಗಿತ್ತು.

ಸುವರ್ಣಾ ಮೆಲ್ಲಗೆ ಅಂದಳು, “ಹೇಳ್ರಿ. ಇಲ್ಲಾಂದ್ರ ನಾನ ಹೇಳ್ತೀನಿ.”

ಹೇಳಿದೆ. ಉಂಡಿ, ಮೌನ, ಬಂಡಿ, ಕಿಸೆ, ಎಲ್ಲವನ್ನೂ ತಲೆ ತಗ್ಗಿಸಿಕೊಂಡೇ ಹೇಳಿದೆ. ಮುಗಿಸಿ ತಲೆ ಎತ್ತಿದೆ. ರಾಯರ ಭುಜ ಅಲುಗುತ್ತಿತ್ತು. ಅಳುತ್ತಿದ್ದಾರೆಂದುಕೊಂಡು ಹೆದರಿದೆ. ಅವರು ಎರಡೂ ಕೈಯಿಂದ ಹೊಟ್ಟೆ ಒತ್ತಿ ಹಿಡಿದು ನಗುತ್ತಿದ್ದರು!

“ನಗಸಬ್ಯಾಡ್ರಂಡಿ, ಹೊಲಿಗಿ ಬಿಚ್ಚತಾವ! ಅಂದ್ರೆ ಆ ದಿನ ಬಾಯಾಗ ಉಂಡಿ ಇತ್ತಾ? ಅಯ್ಯಯ್ಯೋ, ಡಾಕ್ಟರ್‌ಗಾರು, ಹಿಡೀರಿ ನನ್ನ!”

ನಗು ನಿಂತ ಮೇಲೆ ಕಣ್ಣೊರೆಸಿಕೊಂಡು ಅಂದರು, “ನೀವು ತಿಂದ್ರಿ, ನಾನು ಇಳದೆ. ನನ್ನ ಮಟ್ಟಿಗೆ ಏನೂ ಸುಳ್ಳಾಗಲಿಲ್ಲ. ಈಗ ನನ್ನ ಸರದಿ. ನಾಳೆ ಮುಂಜಾನೆಯಿಂದ ನೀವು ನನ್ನ ಜೊತಿ ಬರ್ರಿ.”

ಡಾಕ್ಟರು ಅದನ್ನೇ ಒಂದು ಚೀಟಿಯಲ್ಲಿ ಬರೆದು ಸುವರ್ಣಾಳ ಕೈಗೆ ಕೊಟ್ಟರು. ನನ್ನ ಕೈಗೆ ಕೊಡಲಿಲ್ಲ.

ಹೀಗೆ ನಾನು ವೆಂಕಟರಾವ್ ಗಾರು ಅವರ ಶಿಷ್ಯನಾದೆ. ಶಿಷ್ಯನು ಗುರುವನ್ನು ಮೀರಿಸಬೇಕೆಂದು ಹಿರಿಯರು ಹೇಳುತ್ತಾರೆ. ಸಾಮಾನ್ಯವಾಗಿ ಇದಕ್ಕೆ ವರ್ಷಗಟ್ಟಲೆ ಸಾಧನೆ ಬೇಕು. ನಾನು ಸೇರಿದ ಮೊದಲ ದಿನವೇ ಮೀರಿಸಿದ್ದೆ.

ತೂಕದಲ್ಲಿ, ಹನ್ನೊಂದು ಕಿಲೋ!