ಬಂದರಿನ ಅಪ್ಪನಿಗೆ ಕೆಲಸ ಸಿಕ್ಕಿದ್ದು

ನಮ್ಮ ಕಂಪನಿಯಲ್ಲಿ ಕಾಗದದ ಮೇಲೆ, ಸಹಿಯ ಬದಲಿಗೆ ಹಾಕುವ ಹೆಸರಿನ ಮುದ್ರೆಯನ್ನು ನೆಟ್ಟಗೆ ಒತ್ತುವುದನ್ನು ಅವಿಧೇಯತೆಯೆಂದು ಪರಿಗಣಿಸಲಾಗುತ್ತದೆ. ಮೇಲಧಿಕಾರಿಯ ಮುದ್ರೆ ಎಡತುದಿಯಲ್ಲಿರುತ್ತದೆ. ಉಳಿದವರವು ಅದರತ್ತ ತುಸು ವಾಲಿ, ತಲೆಬಾಗಿದಂತೆ ಕಾಣಬೇಕು. ಒಸಾಕಾದ ಈ ಕಚೇರಿಯಲ್ಲಿ ನಾನು ಹತ್ತೊಂಬತ್ತು ವರ್ಷದಿಂದ ವಾಲುತ್ತಿದ್ದೇನೆ.

ನಮ್ಮ ಮೊದಲ ವಿಡಿಯೊ ಗೇಮ್‌ನಲ್ಲಿ ಇದ್ದದ್ದು ಒಂದೇ ದಾರಿ. ಹುಡುಗಿಯೊಬ್ಬಳು ಕಾಣೆಯಾದ ಅಪ್ಪನನ್ನು ಹುಡುಕಿಕೊಂಡು ಹೋಗುತ್ತಾಳೆ, ಆಟ ಮುಗಿದರೂ ಅವನು ಸಿಗುವುದಿಲ್ಲ. ಎರಡನೆಯ ಭಾಗಕ್ಕೆಂದು ಕಥೆಗಾರ್ತಿ ಮೊಮೊಸೆ ನಾಲ್ಕು ವರ್ಷ ಕೂತು ಕೊನೆಯ ದೃಶ್ಯ ಬರೆದರು. ಬಂದರಿನಲ್ಲಿ ಕಾದು ಕಾದು ಮುದುಕನಾದ ಅಪ್ಪ ಮಗಳ ಹೆಜ್ಜೆಸದ್ದಿಗೆ ತಿರುಗಿ, "ಊಟ ಆಯ್ತೇನಮ್ಮಾ?" ಎನ್ನುತ್ತಾನೆ. ಓದಿ ನಾನು ಅತ್ತುಬಿಟ್ಟೆ.

ಆಗ ಮೇಲಿನವರ ಪ್ರಕಟಣೆ ಹೊರಬಿತ್ತು: "ಎರಡನೆಯ ಭಾಗವು ಮುಕ್ತ ಜಗತ್ತಾಗಿರತಕ್ಕದ್ದು. ಆಟಗಾರನು ಮನಬಂದಲ್ಲಿ ತಿರುಗತಕ್ಕದ್ದು. ಕಥೆಯು ಅವನಿಗೆ ಅಡ್ಡ ಬರತಕ್ಕದ್ದಲ್ಲ."

ಮಂಜೂರಾತಿ ಕಾಗದ ಒಂಬತ್ತು ವಿಭಾಗ ಸುತ್ತಿತು. ಮುದ್ರೆ ಒತ್ತುವ ಮುನ್ನ ಪ್ರತಿ ವಿಭಾಗವೂ ತನ್ನದೊಂದನ್ನು ಸೇರಿಸಿತು. ಕುದುರೆ ಸಾಕಣೆ, ಅಣಬೆ ಅಡುಗೆ, ಮೀನುಗಾರಿಕೆ. ಪರೀಕ್ಷೆಗೆ ಕರೆದವರೆಲ್ಲ ಇನ್ನೂರು ಗಂಟೆ ಗಾಳ ಹಾಕಿಕೊಂಡು ಕೂತರು. ಅಪ್ಪ ಸಿಕ್ಕಿದನೇ ಎಂದು ಕೇಳಿದರೆ, "ಯಾವ ಅಪ್ಪ?" ಎಂದರು. ಪರೀಕ್ಷೆ ಯಶಸ್ವಿಯಾಯಿತೆಂದು ದಾಖಲಾಯಿತು.

ನಮ್ಮ ವಿಭಾಗದ ಮುಖ್ಯಸ್ಥ ವಾಕಿಸಾಕಾ ಮೊಮೊಸೆಯವರನ್ನು ಕರೆಸಿದರು.

"ಮೊಮೊಸೆ ಸಾನ್, ನಿಮ್ಮ ಅಪ್ಪ ಸುಮ್ನೆ ನಿಂತಿರ್ತಾನಲ್ರೀ."

"ಮಗಳಿಗೆ ಕಾಯ್ತಿದಾನೆ ಸಾರ್."

"ಕಾಯೋದೂ ಒಂದು ಕೆಲ್ಸಾನಾ? ತೆಗೆದುಬಿಡೋಣ."

"ಅವಳು ಅವನ ಹತ್ರ ಬರೋ ಹಾಗೆ ಒಂದು ದಾರಿ ಮಾಡಿಕೊಡಿ. ಒಂದೇ ಒಂದು."

"ದಾರಿ ಅಂದ್ರೆ ಬಂಧನ ಕಣ್ರೀ. ಬೇಕಾದ್ರೆ ಎರೆಹುಳು ಮಾರ್ಲಿ. ಆಗ ನೋಡಿ, ಎಲ್ರೂ ಬಂದೇ ಬರ್ತಾರೆ."

ಮೀನುಗಾರಿಕೆ ವಿಭಾಗ ಕೂಡಲೇ ಅನುಮೋದಿಸಿತು. ಆದರೆ ಗೇಮ್‌ನೊಳಗಿನ ಅಂಗಡಿಯವರು ಗ್ರಾಹಕರೊಡನೆ ಸ್ವಂತ ವಿಚಾರ ಮಾತಾಡಬಾರದೆಂಬ ನಿಯಮವಿತ್ತು. ಹೀಗಾಗಿ ಅಪ್ಪನ ಮಾತು "ಎಷ್ಟು ಬೇಕು?" ಎಂದು ತಿದ್ದಲ್ಪಟ್ಟಿತು.

ಈ ತಿದ್ದುಪಡಿಯ ಕಾಗದದ ಮೇಲೆ ಮೊಮೊಸೆ ಮುದ್ರೆಯನ್ನು ನೆಟ್ಟಗೆ ಒತ್ತಿದರು. ಕಾಗದ ವಾಪಸು ಬಂತು. ಮತ್ತೆ ನೆಟ್ಟಗೆ ಒತ್ತಿದರು, ಮತ್ತೆ ಬಂತು. ಮೂರನೆಯ ಸಲ ವಾಪಸಾದರೆ ಅಪ್ಪನನ್ನು ಅಳಿಸುವುದಾಗಿ ಸೂಚನೆಯಿತ್ತು. ಬುದ್ಧಿ ಹೇಳಲು ಹೋದವನು ನಾನೇ. ಇವತ್ತಿಗೂ ನಾಚಿಕೆಯಾಗುತ್ತದೆ.

"ವಾಲಿಸಿಬಿಡಿ ಮೊಮೊಸೆ ಸಾನ್. ಹುಳ ಮಾರಿಕೊಂಡಾದ್ರೂ ಅಪ್ಪ ಬದುಕ್ಲಿ."

ಅವರು ನನ್ನನ್ನೊಮ್ಮೆ ನೋಡಿ ಒತ್ತಿದರು. ಮುದ್ರೆ ಪೂರ್ತಿ ಮಗ್ಗುಲಾಗಿ ಮಲಗಿತ್ತು. ವಾಕಿಸಾಕಾ ಕಾಗದವನ್ನು ಬೆಳಕಿಗೆ ಹಿಡಿದು, "ನೋಡಿ ಕಲೀರಿ, ಇದಪ್ಪಾ ವಿನಯ" ಎಂದರು. ಈಗ ಕಚೇರಿಯಲ್ಲಿ ಎಲ್ಲರೂ ಮುದ್ರೆಯನ್ನು ಮಲಗಿಸಿಯೇ ಒತ್ತುತ್ತೇವೆ.

ಗೇಮ್ ಚೆನ್ನಾಗಿ ಓಡುತ್ತಿದೆ. ಮೊನ್ನೆ ಭಾನುವಾರ ಕೆಲಸ ಮುಗಿಸಿ ಮನೆಗೆ ಬಂದಾಗ ನನ್ನ ಮಗಳು ಪರದೆಯ ಮುಂದೆ ಕೂತಿದ್ದಳು. ಬಂದರಿನ ಮುದುಕ "ಎಷ್ಟು ಬೇಕು?" ಎನ್ನುತ್ತಿದ್ದ.

"ಈ ಅಜ್ಜ ತುಂಬಾ ಒಳ್ಳೆಯವ್ರಪ್ಪ" ಎಂದಳು. "ಹತ್ತು ಹುಳ ತಗೊಂಡ್ರೆ ಒಂದು ಪುಕ್ಕಟೆ ಕೊಡ್ತಾರೆ."

"ಊಟ ಆಯ್ತೇನಮ್ಮಾ?" ಎಂದೆ.

ಅವಳು ತಿರುಗಲಿಲ್ಲ. "ತಡಿಯಪ್ಪಾ, ಮೀನು ಕಚ್ತಾ ಇದೆ."