ವೈರ್ ಕಾಣದ ಮನೆ

"ನನ್ನ ಮನ್ಯಾಗ ಒಂದ ಒಂದು ವೈರ್ ಕಣ್ಣಿಗಿ ಬಿದ್ರ, ಈ ಮೀಸಿ ಬೋಳಿಸಿ ನಿಮ್ಮ ಕೈಯಾಗ ಕೊಡ್ತೇನಿ!"

ಗುರುಪಾದಪ್ಪನವರು ಹೀಗೆ ಗರ್ಜಿಸಿದ್ದು ತಮ್ಮ ಹೊಸ ಮನೆಯ ಗೃಹಪ್ರವೇಶದ ದಿನ, ಹೋಳಿಗೆಯ ಪಂಕ್ತಿಯ ನಟ್ಟನಡುವೆ ನಿಂತು. ಕೇಳಿಸಿಕೊಂಡವರು ಅರ್ಧ ಗೋಕಾಕ! ಮೀಸೆಯೇನು ಸಾಮಾನ್ಯದ್ದೇ? ಎರಡೂ ತುದಿಗಳು ಕೆನ್ನೆ ಹತ್ತಿ ಕಿವಿಯ ದಾರಿ ಹಿಡಿದಿದ್ದವು. ಬೆಳಿಗ್ಗೆ ಕೊಬ್ಬರಿ ಎಣ್ಣೆ ಕುಡಿದರೆ ಸಂಜೆಯ ತನಕ ಬಾಗುತ್ತಿರಲಿಲ್ಲ. ಅಂಥ ಮೀಸೆಯನ್ನೇ ಪಣಕ್ಕಿಟ್ಟರೆಂದರೆ ಮನೆಯ ಮೇಲೆ ಅವರಿಗೆಷ್ಟು ಅಭಿಮಾನವೆಂದು ನೀವೇ ತಿಳಿದುಕೊಳ್ಳಿ.

ತಮಾಷೆಯೆಂದರೆ ಅವರ ಅಂಗಡಿಯಲ್ಲಿ ಮಾರುವುದೇ ವೈರ್. ಗೋಕಾಕ, ಮೂಡಲಗಿ, ಕೌಜಲಗಿಯ ಗೋಡೆಗಳ ಮೇಲೆಲ್ಲ ಅವರ ಅಂಗಡಿಯ ವೈರ್‌ಗಳೇ ಹರಿದಾಡುತ್ತವೆ. ಆದರೆ ಅವರ ಸಿದ್ಧಾಂತ ಬೇರೆ. "ಡಾಕ್ಟರ ಮನ್ಯಾಗ ಔಷಧದ ವಾಸನಿ ಬರಬಾರ್ದು, ವೈರ್ ಮಾರಾವನ ಮನ್ಯಾಗ ವೈರ್ ಕಾಣಬಾರ್ದು!" ಹಾಗಾಗಿ ಹೊಸ ಮನೆಯ ದೀಪ, ಫ್ಯಾನು, ಟಿವಿ, ಕರೆಗಂಟೆ, ಎಲ್ಲದರ ವೈರೂ ಗೋಡೆಯ ಹೊಟ್ಟೆಯೊಳಗೆ. "ಎಲ್ಲಾ ಕನ್ಸೀಲ್ಡ್ ಐತ್ರಿ!" ಎಂದು ಅವರು ಬಂದವರಿಗೆಲ್ಲ ಬಾಯಿ ತುಂಬ ಹೇಳುತ್ತಿದ್ದರು. ಕೇಳಿ ಕೇಳಿ ಅವರ ತಾಯಿ ಯಲ್ಲವ್ವನಿಗೂ ಆ ಇಂಗ್ಲಿಷ್ ಶಬ್ದ ಬಾಯಿಪಾಠವಾಗಿತ್ತು.

ಇನ್ನು ಇಂಟರ್ನೆಟ್. ಮನೆ ಕಟ್ಟುವಾಗಲೇ ಹೆಂಡತಿ ಅನುರಾಧಾ ಕೇಳಿದ್ದರು: "ನೆಟ್‌ಗೂ ಗ್ವಾಡ್ಯಾಗ ಒಂದು ವೈರ್ ಹಾಕಿಸಿಬಿಡ್ರಿ."

"ಯಾ ಕಾಲದಾಗ ಅದಿ ನೀ? ಈಗ ಎಲ್ಲಾ ಹವಾದಾಗ ಹೋಗ್ತೈತಿ!"

ಹವಾದಲ್ಲಿ ಹೋಗುವುದೇನೋ ಸರಿ, ಆದರೆ ಅದನ್ನು ಬಿಡುವ ವೈಫೈ ಡಬ್ಬಿಯೊಂದು ಇರಬೇಕಲ್ಲ! ಅದಕ್ಕೆ ಬಾಲದಂತೆ ವೈರ್ ಬೇರೆ. ಗುರುಪಾದಪ್ಪನವರು ಅದಕ್ಕೂ ಉಪಾಯ ಮಾಡಿದರು. ಮನೆಯ ನಡುಮಧ್ಯದ ಕೋಣೆ ಯಲ್ಲವ್ವನದು. ಆ ಕೋಣೆಯ ಗೋಡೆಯಲ್ಲಿ ಗೂಡಿನಂಥ ಒಂದು ಮಾಡು ಕೊರೆಸಿ, ಡಬ್ಬಿಯನ್ನು ಅದರೊಳಗೆ ಕೂರಿಸಿ, ಸಾಗವಾನಿಯ ಬಾಗಿಲು ಹಚ್ಚಿಸಿಬಿಟ್ಟರು.

ಬೇಸಿಗೆ, ಮಳೆಗಾಲ ಎರಡೂ ಸುಖವಾಗಿ ಕಳೆದವು. ಥಂಡಿ ಬಿತ್ತು ನೋಡಿ, ಶನಿ ಹೆಗಲೇರಿತು!

ಅನುರಾಧಾ ಗಣಿತದ ಟೀಚರ್. ಸಂಜೆ ಪಡಸಾಲೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಮೂಡಲಗಿ, ಹುಕ್ಕೇರಿ ಕಡೆಯ ಹತ್ತನೆಯ ತರಗತಿಯ ಮಕ್ಕಳಿಗೆ ವೀಡಿಯೋದಲ್ಲಿ ಪಾಠ ಹೇಳುತ್ತಾರೆ. ಒಂದು ಸಂಜೆ "ಎ ಪ್ಲಸ್ ಬಿ ಹೋಲ್ ಸ್ಕ್ವೇರ್ ಈಜ್ ಈಕ್ವಲ್ ಟು" ಎಂದು ಬಾಯಿ ತೆರೆದವರು ತೆರೆದಂತೆಯೇ ನಿಂತುಬಿಟ್ಟರು. ಅಂದರೆ ಮಕ್ಕಳ ಪರದೆಯ ಮೇಲೆ! ಇಲ್ಲಿ ಅವರು ಇಡೀ ಲೆಕ್ಕ ಮುಗಿಸಿ ನೀರು ಕುಡಿದರು. ಅಲ್ಲಿ ಮಕ್ಕಳು ಇನ್ನೂ ಈಕ್ವಲ್ ಟು ಏನೆಂದು ಕಾಯುತ್ತಿದ್ದರು.

ಮರುದಿನವೂ ಅದೇ. ವಾರವಿಡೀ ಅದೇ. ಕಡೆಗೆ ಪಾಲಕರ ಫೋನ್ ಬಂತು: "ಟೀಚರ್, ಪರೀಕ್ಷಾ ಹತ್ರ ಬಂತ್ರಿ. ಹಿಂಗ ಆದ್ರ ಹುಡುಗೂರ್ನ ಬ್ಯಾರೆ ಕಡೆ ಹಾಕ್ಬೇಕಾಗ್ತೈತ್ರಿ."

ಅನುರಾಧಾರ ಮುಖ ಬಾಡಿತು. ವರ್ಷವಿಡೀ ತಿದ್ದಿ ತೀಡಿದ ಮಕ್ಕಳು. ಪರೀಕ್ಷೆಯ ಹೊಸ್ತಿಲಲ್ಲಿ ಅವರನ್ನು ಕಳೆದುಕೊಳ್ಳುವುದೇ?

"ರೀ, ನನ್ನ ಟೇಬಲ್ ತನಕ ಒಂದು ವೈರ್ ಎಳೀರಿ. ಕೈ ಮುಗೀತೇನಿ."

"ವೈರ್? ನನ್ನ ಮನ್ಯಾಗ? ಬರೂ ರವಿವಾರ ಬೀಗರು ಬರಾಕತ್ತಾರ!"

ಬೀಗರೆಂದರೆ ಮಗಳು ದೀಪಾಳ ಮಾವ, ಬೆಲ್ಲದ ಬಾಗೇವಾಡಿಯ ಗುರುಲಿಂಗಪ್ಪನವರು. ಗೃಹಪ್ರವೇಶಕ್ಕೆ ಬರಲಾಗಿರಲಿಲ್ಲ, ಈಗ ಮನೆ ನೋಡಲು ಬರುವವರಿದ್ದರು. ಅವರಿಗೆ ಫೋನಿನಲ್ಲಿ ಎರಡು ವಿಷಯದ ಮೇಲೆ ಪುರಾಣವೇ ಆಗಿಹೋಗಿತ್ತು. ಒಂದು, ವೈರ್ ಕಾಣದ ಮನೆ. ಎರಡು, ಅವ್ವ ಹೆಪ್ಪು ಹಾಕುವ ಮೊಸರು! "ಇಂಥಾ ಥಂಡ್ಯಾಗ ಊರಾಗ ಎಲ್ಲಾರ ಮೊಸರೂ ನೀರು ನೀರು. ನಮ್ಮವ್ವನ ಮೊಸರು ಚಾಕು ಹಾಕಿ ಕೊಯ್ಯಬೇಕ್ರಿ ಬೀಗರ!" ಗುರುಪಾದಪ್ಪನವರು ದಿನಾ ಎರಡು ಸಲ ಹಾಕಿಸಿಕೊಂಡು, ಮೀಸೆಯಲ್ಲಿ ಉಳಿದದ್ದನ್ನೂ ನೆಕ್ಕಿ, ಅವ್ವನ ಕೈಗುಣವನ್ನು ಹೊಗಳುತ್ತಿದ್ದರು.

ಮೊದಲು ನೆಟ್ ಕಂಪನಿಯ ದುರ್ಗೇಶನನ್ನು ಕರೆಸಿದರು. ಅವನು ಬೆಳಿಗ್ಗೆ ಬಂದ. ಮಾಡಿನ ಬಾಗಿಲು ತೆರೆದ, ಡಬ್ಬಿ ನೋಡಿದ, ವೈಫೈ ಹಚ್ಚಿ ನೋಡಿದ, ವೈರ್ ಹಚ್ಚಿ ನೋಡಿದ.

"ಎರಡೂ ಕುದರಿ ಓಡಿದಂಗ ಓಡಾಕತ್ತಾವಲ್ರಿ! ಕಂಪ್ಲೇಂಟ್ ಏನೈತ್ರಿ?"

"ಈಗ ಓಡ್ತೈತೋ ಮಾರಾಯಾ, ಸಂಜೀಕ ಕುಂಟ್ತೈತಿ! ಸಂಜೀಕ ಬಾ."

"ಸಂಜೀಕ ನಂದು ಡ್ಯೂಟಿ ಇರಂಗಿಲ್ರಿ," ಎಂದು ದುರ್ಗೇಶ ಚಹಾ ಕುಡಿದು ಹೋದ.

ಹಾಗಾದರೆ ಸಂಜೆ ತಾವೇ ನೋಡಬಹುದಿತ್ತಲ್ಲ ಎನ್ನುತ್ತೀರಿ. ಆಗುವುದಿಲ್ಲ! ಸಂಜೆ ಯಲ್ಲವ್ವನ ಲಿಂಗಪೂಜೆ. ಆ ಹೊತ್ತಿಗೆ ಕೋಣೆಯ ಬಾಗಿಲು ಮುಂದೆ ಮಾಡಿದರೆಂದರೆ ಒಳಗೆ ಯಾರೂ ಕಾಲಿಡುವಂತಿಲ್ಲ. ಪೂಜೆ ಮುಗಿಸಿ, ಎರಡು ತುತ್ತು ಉಂಡು ಅವರು ಅಲ್ಲೇ ಮಲಗಿಬಿಡುತ್ತಾರೆ.

ಗುರುಪಾದಪ್ಪನವರು ಯೋಚಿಸಿದರು. ಮರುದಿನ ಬೆಳಿಗ್ಗೆ ಅಂಗಡಿಯಿಂದ ನೀಲಿ ವೈರಿನ ಸುರುಳಿಯೊಂದನ್ನು ತಂದು, ಕಿಟಕಿಯ ಪರದೆಗಳನ್ನೆಲ್ಲ ಎಳೆದು, ಡಬ್ಬಿಗೆ ಚುಚ್ಚಿ, ಅವ್ವನ ಬಾಗಿಲ ಸಂದಿಯಿಂದ ಪಡಸಾಲೆಗೆ ಹೊರಡಿಸಿದರು.

"ಅಯ್ಯ, ಮೀಸಿ?" ಎಂದರು ಅನುರಾಧಾ.

"ಇದು ಮನಿ ವೈರ್ ಅಲ್ಲ. ಪರೀಕ್ಷಾದ ವೈರ್. ಲೆಕ್ಕಕ್ಕಿಲ್ಲ!"

ಸಂಜೆಯಾಯಿತು. ವೈರ್ ಚುಚ್ಚಿದ ಲ್ಯಾಪ್‌ಟಾಪಿನಲ್ಲಿ ಪಾಠ ಸರಸರ ಓಡಿತು. ಪಕ್ಕದಲ್ಲೇ ಕುಳಿತ ಗುರುಪಾದಪ್ಪನವರ ಮೊಬೈಲಿನ ವೈಫೈಯಲ್ಲಿ ಚಕ್ರ ಗಿರಗಿರ ತಿರುಗುತ್ತಲೇ ಉಳಿಯಿತು. ಒಂದೇ ಡಬ್ಬಿ, ಒಂದೇ ನೆಟ್. ವೈರಿನಲ್ಲಿ ಬಂದರೆ ಜಿಂಕೆ, ಹವಾದಲ್ಲಿ ಬಂದರೆ ಆಮೆ!

"ತಿಳೀತು! ಡಬ್ಬಿ ಚಲೋ ಐತಿ. ಹವಾಕ್ಕ ಯಾರೋ ಅಡ್ಡ ಬಂದಾರ!"

ಯಾರು? ಪರದೆ ಸರಿಸಿ ನೋಡಿದರೆ ಬಾಜೂ ಮನೆಯ ಶೆಟ್ಟೆಪ್ಪನ ಎಮ್ಮೆ ಕೊಟ್ಟಿಗೆ ಕಂಡಿತು. ಮೇಲೆ ಹೊಸ ತಗಡು, ಥಳಥಳ! ತಮ್ಮ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿರುವಾಗ ಮಂದಿಯ ಎಲೆಯ ನೊಣ ಕಾಣುವುದೆಂದರೆ ಇದೇ. ಶೆಟ್ಟೆಪ್ಪ ಸಾಲಿಯಲ್ಲಿ ಜೊತೆಗೆ ಓದಿದವನು, ಮನೆಗೆ ದಿನಾ ಹಾಲು ಕೊಡುವವನು, ಮೀಸೆಯ ಆಣೆಯನ್ನು ಎದುರಿಗೆ ಕುಳಿತು ಕೇಳಿದವನು. ಅದೆಲ್ಲ ನೆನಪಾಗಲಿಲ್ಲ. ಕಂಪೌಂಡಿನ ಮೇಲೆ ಕತ್ತು ಚಾಚಿ ಕೂಗಿದರು.

"ಲೇ ಶೆಟ್ಟೆಪ್ಪಾ! ನಿನ್ನ ತಗಡು ತಗಿ!"

"ಯಾಕೋ? ನಿನ್ನ ತಲಿ ಮ್ಯಾಲೆ ಬಿದ್ದಾವೇನು?"

"ಸಂಜಿ ಆತಂದ್ರ ನನ್ನ ನೆಟ್ ತಡಿಯಾಕತ್ತಾವು!"

"ಬೆಳಿಗ್ಗಿ ತಡಿಯಂಗಿಲ್ಲಾ, ಸಂಜೀಕ ತಡೀತಾವೇನು? ತಗಡಿಗೂ ಡ್ಯೂಟಿ ಐತೇನೋ? ನಡಿ, ನಿನ್ನ ನೆಟ್ ಎಲ್ಲಿ ನಿಂತೈತಿ, ನಾನ ನೋಡ್ತೇನಿ!"

ಬೇಡ ಬೇಡ ಎನ್ನುವುದರೊಳಗೆ ಶೆಟ್ಟೆಪ್ಪ ಪಡಸಾಲೆಗೆ ನುಗ್ಗಿದ. ನುಗ್ಗಿದವನೇ ಕಾಲಿಗೆ ಏನೋ ತೊಡರಿ ಮುಗ್ಗರಿಸಿದ. ನೀಲಿ ವೈರ್!

"ಇದೇನು ಗುರುಪಾದ?"

"ಹಗ್ಗ. ಅರಿವಿ ಒಣಗಸಾಕ."

"ಅರಿವಿ ನೆಲದ ಮ್ಯಾಲೆ ಒಣಗಸ್ತೀರೇನು?" ಎಂದು ಶೆಟ್ಟೆಪ್ಪ ವೈರ್ ಹಿಡಿದುಕೊಂಡೇ ನಡೆದ. ಅಷ್ಟರಲ್ಲಿ ಪೂಜೆ ಮುಗಿಸಿದ ಯಲ್ಲವ್ವ ಬಾಗಿಲು ತೆರೆದರು. ವೈರ್ ಒಳಗೆ ಹೋಗಿ, ಗೋಡೆ ಏರಿ, ಮಾಡಿನೊಳಗೆ ನುಸುಳಿತ್ತು. ಗುರುಪಾದಪ್ಪನವರು ಸಾಗವಾನಿ ಬಾಗಿಲನ್ನು ಗತ್ತಿನಿಂದ ತೆರೆದರು.

ಒಳಗೆ ವೈಫೈ ಡಬ್ಬಿಯೇ ಇಲ್ಲ! ಇದ್ದದ್ದು ಒಂದು ಹಳೆಯ ಶಾಲು. ಶಾಲು ತೆಗೆದರೆ ಬೋರಲು ಹಾಕಿದ ದೊಡ್ಡ ಸ್ಟೀಲ್ ಬೋಗುಣಿ. ಬೋಗುಣಿ ಎತ್ತಿದರೆ ತುಂಬಿದ ಹಾಲಿನ ಪಾತ್ರೆ. ಅದರ ಕೆಳಗೆ ಡಬ್ಬಿ, ಬೆವರುತ್ತ, ಕಣ್ಣು ಪಿಳಿಪಿಳಿ ಬಿಡುತ್ತ ಕುಳಿತಿತ್ತು!

"ಏ ಮುಚ್ಚೋ! ಹೆಪ್ಪು ಅಲಗಾಡ್ತೈತಿ!" ಯಲ್ಲವ್ವ ಚೀರಿದರು.

"ಯವ್ವಾ! ಇದರ ಮ್ಯಾಲೆ ಮೊಸರು?"

"ಇಂಥಾ ಥಂಡ್ಯಾಗ ಸಂಜೀಕ ಹೆಪ್ಪು ಹಾಕಿದ್ದು ಮತ್ತೆಲ್ಲಿ ಇಡ್ಲೋ? ಹಳೀ ಮನ್ಯಾಗ ಒಲಿ ಇತ್ತು, ಒಲಿ ಬಾಜೂಕ ಇಡ್ತಿದ್ನಿ. ಇಲ್ಲಿ ಒಲಿ ಬ್ಯಾಡಂದಿ, ಬೂದಿ ಬ್ಯಾಡಂದಿ. ನಿನ್ನ ಇಷ್ಟು ದೊಡ್ಡ ಮನ್ಯಾಗ ಬೆಚ್ಚಗಿರೂ ಜಾಗಾ ಅದೊಂದ ಐತಿ!"

ಶೆಟ್ಟೆಪ್ಪ ಹೊಟ್ಟೆ ಹಿಡಿದುಕೊಂಡು ನಗತೊಡಗಿದ. "ನನ್ನ ತಗಡಲ್ಲೋ, ನಿನ್ನ ಬೋಗುಣಿ! ದಿನಾ ಎರಡ ಸಲ ನೆಟ್ ಉಂಡೀ, ಮ್ಯಾಲೆ ಮಂದೀಗಿ ಹೊಗಳಿ ಹೇಳೀ!" ಅದು ಪರೀಕ್ಷಾದ ವೈರು, ಲೆಕ್ಕಕ್ಕಿಲ್ಲವೆಂದು ಗುರುಪಾದಪ್ಪನವರು ಅಂಗಲಾಚಿದ ಮೇಲೆ, ಹೋಗುವಾಗ ಅವನು ಬಾಗಿಲಲ್ಲಿ ತಿರುಗಿ ನಿಂತ. "ಪರೀಕ್ಷಾದ ವೈರ್ ಅಂತ ಇವತ್ತು ಬಿಟ್ಟೇನಿ. ನಾಳಿಗಿ ಕಾಣಿಸ್ತೋ, ಕತ್ರಿ ನಾನ ತರ್ತೇನಿ!"

ವೈರ್ ಸುರುಳಿ ಸುತ್ತಿಕೊಂಡು ಅಂಗಡಿಗೆ ಮರಳಿತು. ಪಾತ್ರೆ ಅಡುಗೆಮನೆಗೆ ಮರಳಿತು. ಮರುಸಂಜೆ ವೈಫೈ ಮನೆ ತುಂಬ ಕುಣಿದಾಡಿತು. ಅನುರಾಧಾ ನಕ್ಕರು, ಹುಕ್ಕೇರಿಯ ಮಕ್ಕಳಿಗೆ ಈಕ್ವಲ್ ಟು ಏನೆಂದು ತಿಳಿಯಿತು, ಮೀಸೆ ಉಳಿಯಿತು. ಗುರುಪಾದಪ್ಪನವರು ಗೆದ್ದ ಜಟ್ಟಿಯಂತೆ ಊಟಕ್ಕೆ ಕುಳಿತರು.

ಆದರೆ ಮರುದಿನ ಮೊಸರು ನೀರು! ಪಾತ್ರೆಯನ್ನು ಅಕ್ಕಿಯ ಡಬ್ಬಿಯಲ್ಲಿಟ್ಟರು, ನೀರು. ಕಂಬಳಿ ಸುತ್ತಿ ಇಟ್ಟರು, ನೀರು. ಇನ್ವರ್ಟರಿನ ಮೇಲಿಟ್ಟರು, ಹೆಪ್ಪುಗೂಡಿತು ನಿಜ, ಆದರೆ ಬಾಯಿಗಿಟ್ಟರೆ ಬ್ಯಾಟರಿಯನ್ನೇ ನೆಕ್ಕಿದಂತಾಯಿತು.

"ಇರ್ಲಿ ಬಿಡಪಾ, ಮಜ್ಜಿಗಿ ಅಂತ ಉಂಡ್ರಾತು," ಎಂದರು ಯಲ್ಲವ್ವ. ಬೈಯಲಿಲ್ಲ, ಮುಖ ಸಿಂಡರಿಸಲಿಲ್ಲ. ತಣ್ಣಗಿನ ನೀರು ಮೊಸರನ್ನು ರೊಟ್ಟಿಗೆ ಸುರಿದುಕೊಂಡು ಉಂಡರು.

ಗುರುಪಾದಪ್ಪನವರು ಎತ್ತಿದ ತುತ್ತನ್ನು ಮರಳಿ ತಟ್ಟೆಗೇ ಇಳಿಸಿದರು. ಎಲ್ಲರಿಗೂ ಮನೆ ತೋರಿಸಿದ ತಾನು, ಅವ್ವನಿಗೆ ಒಂದು ಬೆಚ್ಚನೆಯ ಮೂಲೆ ಬೇಕೇನೋ ಎಂದು ಒಮ್ಮೆಯೂ ಕೇಳಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಮೊಸರಿನ ಆಸೆಯೂ ಇತ್ತೆನ್ನಿ, ಸುಳ್ಳೇಕೆ! ಲೆಕ್ಕ ಮಾತ್ರ ಗಣಿತದ ಟೀಚರ್ ಬೇಡದಷ್ಟು ಸುಲಭವಾಗಿತ್ತು. ಹೆಂಡತಿಯ ಪಾಠ, ಅವ್ವನ ಮೊಸರು, ತನ್ನ ಮೀಸೆ: ಮೂರರಲ್ಲಿ ಉಳಿಯುವುದು ಎರಡೇ.

ಶನಿವಾರ ಅಂಗಡಿಯ ಅತಿ ಉತ್ತಮ ವೈರ್ ಮನೆಗೆ ಬಂತು. ಗುರುಪಾದಪ್ಪನವರು ತಾವೇ ಮೊಣಕಾಲೂರಿ ಕುಳಿತು, ಅವ್ವನ ಕೋಣೆಯಿಂದ ಹೆಂಡತಿಯ ಟೇಬಲ್ ತನಕ, ದಾರ ಹಿಡಿದಂತೆ ನೆಟ್ಟಗೆ ಕ್ಲಿಪ್ ಹೊಡೆದರು. ನೋಡಿದರೆ ಕಣ್ಣು ತಣಿಯಬೇಕು, ಹಾಗಿತ್ತು ಕೆಲಸ! ಇನ್ನು ಅವ್ವನ ಪಾತ್ರೆ ಮರಳಿ ಡಬ್ಬಿಯ ಮೇಲೆ ಧಾರಾಳವಾಗಿ ಕೂರಬಹುದಿತ್ತು. ಕೊನೆಯ ಕ್ಲಿಪ್ ಬೀಳುವ ಹೊತ್ತಿಗೆ ಬಾಗಿಲಲ್ಲಿ ಕೆಮ್ಮಿದ ಸದ್ದಾಯಿತು. ಶೆಟ್ಟೆಪ್ಪ ನಿಂತಿದ್ದ. ಒಂದು ಕೈಯಲ್ಲಿ ಹಾಲಿನ ಕ್ಯಾನು, ಇನ್ನೊಂದು ಕೈಯಲ್ಲಿ ಕತ್ತರಿ.

"ಜಟ್ಟಿ ಬಿದ್ರೂ ಮೀಸಿ ಮಣ್ಣಾಗಲಿಲ್ಲ ಅಂತಾರು," ಎಂದ ಶೆಟ್ಟೆಪ್ಪ. "ಇಲ್ಲಿ ಜಟ್ಟಿ ನಿಂತಾನ, ಮೀಸೀನ ಬೀಳಾಕತ್ತೈತಿ!"

ರವಿವಾರ ಬೀಗರು ಬಂದರು. ಗುರುಪಾದಪ್ಪನವರಿಗೆ ಒಂದೇ ಚಿಂತೆ. ವೈರ್ ಕಣ್ಣಿಗೆ ಬಿದ್ದರೆ ಹೇಳುವುದೇನು? ಆದರೆ ಗುರುಲಿಂಗಪ್ಪನವರು ವೈರ್ ದಾಟಿಕೊಂಡೇ ಒಳಗೆ ಬಂದರು, ವೈರಿನ ಪಕ್ಕವೇ ಕುಳಿತರು, ವೈರಿಗೇ ಬೆನ್ನು ಆನಿಸಿದರು. ಅದನ್ನೊಮ್ಮೆಯೂ ನೋಡಲಿಲ್ಲ! ಅವರ ದೃಷ್ಟಿಯೆಲ್ಲ ಗುರುಪಾದಪ್ಪನವರ ಮೂಗಿನ ಕೆಳಗೆ, ನುಣುಪಾಗಿ ಹೊಳೆಯುತ್ತಿದ್ದ ಬಯಲಿನ ಮೇಲೆ ನೆಟ್ಟಿತ್ತು. ಹೋಳಿಗೆ ಮುಗಿಯಿತು, ಅನ್ನ ಬಂತು. ಇನ್ನು ತಡೆಯಲಾಗಲಿಲ್ಲ.

"ಅಲ್ರಿ ಬೀಗರ, ತಪ್ಪ ತಿಳೀಬ್ಯಾಡ್ರಿ. ಮೀಸಿ ಎಲ್ಲಿ ಹೋತ್ರಿ?"

ಗುರುಪಾದಪ್ಪನವರು ಬಾಯಿ ತೆರೆದರು. ತೆರೆದ ಬಾಯಿ ಹಾಗೆಯೇ ನಿಂತಿತು, ಥೇಟ್ ಹೆಂಡತಿ ಪರದೆಯ ಮೇಲೆ ನಿಂತ ಹಾಗೆ! ಅಷ್ಟರಲ್ಲಿ ಯಲ್ಲವ್ವ ಪಾತ್ರೆ ಹಿಡಿದು ಬಂದು, ಬೀಗರ ಎಲೆಗೆ ಗಟ್ಟಿ ಮೊಸರಿನ ಗಡ್ಡೆಯೊಂದನ್ನು ಧೊಪ್ಪನೆ ಹಾಕಿ ಹೆಮ್ಮೆಯಿಂದ ಹೇಳಿದರು:

"ಎಲ್ಲೂ ಹೋಗಿಲ್ರಿ. ನಮ್ಮ ಮನ್ಯಾಗ ಈಗ ಅದೂ ಕನ್ಸೀಲ್ಡ್!"