ಮಳೆಗೆ ಒಪ್ಪಿಸಿದ ಎಣ್ಣೆ

ನನಗೊಂದು ದುರಭ್ಯಾಸವಿತ್ತು. ಬೀಡಿ, ತಂಬಾಕಿನಂಥದ್ದಲ್ಲ, ಅಂಥದ್ದಾಗಿದ್ದರೆ ಹೆಂಡತಿ ಎಂದೋ ಬಿಡಿಸುತ್ತಿದ್ದಳು. ಮನೆಯಲ್ಲಿ ಬೇಡವಾದದ್ದನ್ನೆಲ್ಲ ಮಳೆಗೆ ಒಪ್ಪಿಸುವ ಅಭ್ಯಾಸ ಅದು. ಕಲಬುರಗಿಯ ಬಿಸಿಲಿನಲ್ಲಿ ಬೆಂದವರಿಗೆ ಮಳೆಯ ಮೇಲೆ ಭರವಸೆ ಸ್ವಲ್ಪ ಜಾಸ್ತಿಯೇ. ಮೋಡ ಕಟ್ಟಿತೆಂದರೆ ಉಳಿದವರು ಮಾಳಿಗೆಯ ಮೇಲಿನ ಸಂಡಿಗೆ ತೆಗೆಯಲು ಓಡುತ್ತಾರೆ; ನಾನು ಮೂಲೆಯಲ್ಲಿ ಕೂಡಿಟ್ಟ ಡಬ್ಬಿಗಳನ್ನು ತೆಗೆಯಲು ಓಡುತ್ತಿದ್ದೆ. ಬಾಗಿಲಿಗೆ ಬಳಿದು ಉಳಿದ ಬಣ್ಣ, ಗುಲಾಬಿ ಗಿಡಕ್ಕೆ ಹಾಕಿ ಮಿಕ್ಕ ಗೊಬ್ಬರ, ಅಂಗಳದ ಕಸ, ಎಲ್ಲವೂ ಊರಂಚಿನ ಕೋಟನೂರಿನ ನಮ್ಮ ಮನೆ ಮುಂದಿನ ಚರಂಡಿಗೆ. ಒಂದು ಜೋರು ಮಳೆ ಹೊಡೆದರೆ ಚರಂಡಿ ತೊಳೆದಿಟ್ಟ ತಾಟಿನಂತಾಗುತ್ತಿತ್ತು. ಅದೆಲ್ಲ ಎಲ್ಲಿಗೆ ಹೋಯಿತೆಂದು ಯಾರಾದರೂ ಕೇಳಿದರೆ 'ಮುಂದಕ್ಕೆ' ಎನ್ನುತ್ತಿದ್ದೆ. ಮುಂದೆ ಎಂಬಲ್ಲಿ ಯಾರೂ ವಾಸವಾಗಿಲ್ಲ ಎಂದು ನನ್ನ ನಂಬಿಕೆ.

ಹೇಳಲು ನಾಚಿಕೆ, ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಮಾಸ್ತರ. ಜಲಮಾಲಿನ್ಯದ ಪಾಠವನ್ನು ಬೋರ್ಡಿನ ಮೇಲೆ ಚಿತ್ರ ಬರೆದೇ ಹೇಳುತ್ತೇನೆ. ಆ ಚಿತ್ರದಲ್ಲಿ ದೊಡ್ಡದೊಂದು ಕಾರ್ಖಾನೆ ಇರುತ್ತದೆ, ಅದರ ಹೊಗೆಕೊಳವೆ ಇರುತ್ತದೆ. ಮಾಸ್ತರನ ಮನೆ ಮಾತ್ರ ಇರುವುದಿಲ್ಲ. ಮಾಸ್ತರನ ಮನೆಯಲ್ಲಿ ಒಂದು ಹಳೆಯ ಸ್ಕೂಟರ್ ಇದೆ, ಅದರ ಆಯಿಲನ್ನು ಅವನು ಸ್ವಂತ ಕೈಯಿಂದಲೇ ಬದಲಾಯಿಸುತ್ತಾನೆ, ಬಸಿದ ಕರಿ ಎಣ್ಣೆಯನ್ನು ಮಳೆ ಬರುವವರೆಗೆ ಕಾಯ್ದಿಡುತ್ತಾನೆ ಎಂಬುದು ಮಕ್ಕಳಿಗೆ ಗೊತ್ತಿಲ್ಲ.

ಹೋದ ವರ್ಷ ಪಂಚಮಿಗೆಂದು ಹೆಂಡತಿ ತವರಿಗೆ, ಕಮಲಾಪುರಕ್ಕೆ ಹೋದಳು. ಕರೆತರಲು ನಾನು ಸ್ಕೂಟರಿನ ಮೇಲೆ ಹೋದೆ. ಅಳಿಯ ಬಂದನೆಂದರೆ ಆ ಮನೆಯಲ್ಲಿ ನಡೆಯುವ ಉಪಚಾರವನ್ನು ನಾನು ವರ್ಣಿಸಬಾರದು, ಉಂಡಿ ತಿಂದ ಹೊಟ್ಟೆಯೇ ವರ್ಣಿಸಬೇಕು. ತಿಂದದ್ದು ಕರಗಲೆಂದು ಸಂಜೆ ಓಣಿಯ ಅಂಚಿನಲ್ಲಿ ಸ್ಕೂಟರ್ ನಿಲ್ಲಿಸಿ ಆಯಿಲ್ ಬದಲಾಯಿಸಿ, ಬಸಿದದ್ದನ್ನು ಅಲ್ಲೇ ಚೆಲ್ಲಿದೆ. ಸೋಪಿನ ಪುಡಿ ಹಾಕಿ ಗಾಡಿಯನ್ನು ತಿಕ್ಕಿಯೂ ತಿಕ್ಕಿದೆ. ಅತ್ತೆ ಕಟ್ಟೆಯ ಮೇಲೆ ಕೂತು ಎಲ್ಲವನ್ನೂ ನೋಡಿದರು. ಏನೋ ಹೇಳಲು ಬಾಯಿ ತೆರೆದವರು ಸೆರಗು ಸರಿಮಾಡಿಕೊಂಡು ಒಳಗೆ ಹೋದರು. ನನ್ನ ಕೈಗುಣಕ್ಕೆ ಬೆರಗಾದರು ಎಂದುಕೊಂಡೆ. ಆಮೇಲೆ ಮಳೆ ಬಂತು, ಎಣ್ಣೆಯನ್ನೂ ನೊರೆಯನ್ನೂ ಒಯ್ಯಿತು. ನಾನು ಸಮಾಧಾನದಿಂದ ಮಲಗಿದೆ.

ಮರುದಿನ ಚಹಾ ತಡವಾಯಿತು. ಅತ್ತೆ ತುಂಬಿದ ಕೊಡ ಹೊತ್ತು ಓಣಿಯ ಆ ತುದಿಯಿಂದ ಬರುತ್ತಿದ್ದರು. ಮೊಣಕಾಲು ನೋವಿನ ಹೆಂಗಸು, ಎರಡು ಸಲ ನಿಂತು ಸುಧಾರಿಸಿಕೊಂಡರು. ಹಿತ್ತಲಲ್ಲೇ ಬಾವಿಯಿದೆ; ದೇವರ ಪೂಜೆಗೆ ಬೇರೆ ನೀರು ಬೇಕಿರಬಹುದೆಂದು ನಾನು ಭಾವಿಸಿದೆ. ಊಟಕ್ಕೆ ಕೂತಾಗ ತಂಬಿಗೆ ಎತ್ತಿ ಕುಡಿದು, ನಿಮ್ಮ ಬಾವಿಯ ನೀರು ಈ ಸಲ ಮತ್ತಷ್ಟು ಸಿಹಿಯಾಗಿದೆ ಎಂದು ಹೊಗಳಿದೆ. ಹೆಂಡತಿಯ ತಮ್ಮ ರೊಟ್ಟಿ ಮುರಿಯುವುದನ್ನು ಬಿಟ್ಟು ತನ್ನ ತಾಟನ್ನೇ ನೋಡುತ್ತ ಕುಳಿತ.

ಮಧ್ಯಾಹ್ನ ಕೈ ತೊಳೆಯಲು ಹಿತ್ತಲಿಗೆ ಹೋದರೆ, ಬಾವಿಯೊಳಗೆ ಹೆಂಡತಿಯ ತಮ್ಮ ಇಳಿದಿದ್ದ. ಹಳೆಯ ಕೌದಿಯ ತುಂಡನ್ನು ನೀರಿನ ಮೇಲೆ ಆಡಿಸಿ, ಹಿಂಡಿ, ಬಕೆಟ್ಟಿಗೆ ತುಂಬುತ್ತಿದ್ದ. ನೀರಿನ ಮೇಲೆ ಎಣ್ಣೆಯ ಕೆಂಪು, ನೀಲಿ, ಹಸಿರು ಬಣ್ಣಗಳು ತೇಲುತ್ತಿದ್ದವು. ಓಣಿಯ ಮಳೆನೀರು ವ್ಯರ್ಥವಾಗಬಾರದೆಂದು ಅವನೇ ಅದರ ಹಿಂದಿನ ವರ್ಷ ಕಾಲುವೆ ತೋಡಿ ಅದನ್ನು ಬಾವಿಗೆ ತಿರುಗಿಸಿದ್ದನಂತೆ. ಪಕ್ಕದಲ್ಲಿ ಅವರ ಕೆಂಬಾಳೆಯ ಗಿಡಗಳು ಗೊನೆ ಹೊತ್ತು ನಿಂತಿದ್ದವು; ಅವುಗಳಿಗೂ ಅದೇ ಬಾವಿಯೇ ಗತಿ. ನಾನು ಕೈ ತೊಳೆಯದೆ ನಿಂತೆ.

ಹೆಂಡತಿ ಹಿಂದಿನಿಂದ ಬಂದು ಮೆಲ್ಲಗೆ ಹೇಳಿದಳು: "ನಿನ್ನೆನೇ ಹೇಳ್ಬೇಕಿತ್ತು ಅಂತ ನಮ್ಮವ್ವಗ ಬೈದೆ. ಅಳಿಯಗ ಇಂಥಾದ್ದೆಲ್ಲಾ ಹೇಳ್ತಾರೇನವ್ವ, ಬರೋದ ವರ್ಷಕ್ಕ ಎರಡು ಸಲ, ಅಂದ್ಳು."

ಅತ್ತೆ ನನ್ನನ್ನೇ ಬೈದಿದ್ದರೆ ಚೆನ್ನಾಗಿತ್ತು. ಬಕೆಟ್ಟು ಸೇದಲು ನಾನೂ ಹಗ್ಗ ಹಿಡಿದೆ. ಎಷ್ಟು ಹಿಂಡಿದರೂ ವಾಸನೆ ಹೋಗಲಿಲ್ಲ. ಸೇದಿದ ನೀರನ್ನು ಬಾಳೆಗೆ ಬಿಡುವಂತಿಲ್ಲ, ಓಣಿಗೆ ಚೆಲ್ಲುವಂತಿಲ್ಲ. ತುಂಬಿದ ಬಕೆಟ್ಟು ಹಿಡಿದು ಅದನ್ನು ಎಲ್ಲಿ ಇಡಬೇಕೆಂದು ತಿಳಿಯದೆ ನಿಂತಾಗ, 'ಮುಂದೆ' ಎಂಬ ಜಾಗ ಎಲ್ಲಿಯೂ ಇಲ್ಲವೆಂದು ವಿಜ್ಞಾನದ ಮಾಸ್ತರನಿಗೆ ಹೊಳೆಯಿತು. ಆ ಮಳೆಗಾಲವೆಲ್ಲ ಅತ್ತೆ ಓಣಿಯ ಆ ತುದಿಯಿಂದಲೇ ನೀರು ಹೊತ್ತರು.

ಈಗ ನಾನು ಸುಧಾರಿಸಿದ್ದೇನೆ. ಅಂಗಳದ ಕಸ ಗುಡಿಸಿ ಬುಟ್ಟಿಗೆ ತುಂಬುತ್ತೇನೆ, ಗೊಬ್ಬರ ಅಳೆದು ಹಾಕುತ್ತೇನೆ. ಕರಿ ಎಣ್ಣೆಯನ್ನು ಕ್ಯಾನಿಗೆ ತುಂಬಿ ಸ್ಟೇಶನ್ ಬಜಾರದ ಹತ್ತಿರ ಹಳೆ ಆಯಿಲ್ ಕೊಳ್ಳುವವರಿಗೆ ಕೊಟ್ಟುಬರುತ್ತೇನೆ. ಮೊದಲ ಸಲ ಕ್ಯಾನು ಹಿಡಿದು ಹೊರಟಾಗ, ಇಳಿಜಾರಿನಲ್ಲಿ ನಮ್ಮ ಕೆಳಗಿನ ಮನೆಯಲ್ಲಿರುವ ಮಸ್ತಾನ ಸಾಹೇಬರು ಬಾಗಿಲಲ್ಲೇ ನಿಂತಿದ್ದರು. ಹೊಸ್ತಿಲಿಗೆ ಅಡ್ಡವಾಗಿ ಮರಳು ತುಂಬಿದ ಗೋಣಿಚೀಲಗಳಿದ್ದವು. ಎಷ್ಟೋ ವರ್ಷದಿಂದ ನೋಡುತ್ತಿದ್ದೆ, ಏಕೆಂದು ಕೇಳಿರಲಿಲ್ಲ. ಬೀಗುತ್ತ ನನ್ನ ಹೊಸ ವ್ರತದ ಕಥೆ ಹೇಳಿದೆ.

ಅವರು ಎಲ್ಲ ಕೇಳಿ ಗಡ್ಡ ನೀವಿಕೊಂಡರು. "ಭಾಳ ಚಲೋ ಆಯ್ತು ಸರ್. ಮಳಿ ಜೋರಾದಾಗೊಮ್ಮೆ ನಿಮ್ಮ ಎಣ್ಣಿ ನಮ್ಮ ಪಡಸಾಲಿತನಕ ಬರ್ತಿತ್ತು. ಬಾಜೂ ಮನಿಯವರಿಗಿ ಹ್ಯಾಂಗ ಹೇಳಾದು ಅಂತ ಸುಮ್ಮಕಿದ್ದೆ."

ಅಳಿಯನೆಂಬ ಮರ್ಯಾದೆ ಕಮಲಾಪುರದಲ್ಲಿ ಮಾತ್ರ, ವರ್ಷಕ್ಕೆರಡು ಸಲ ಸಿಗುವುದೆಂದು ತಿಳಿದಿದ್ದೆ. ನಮ್ಮ ಓಣಿ ಅದನ್ನು ಇಷ್ಟು ವರ್ಷ, ಪ್ರತಿ ಮಳೆಗೂ, ಬಾಯಿಮುಚ್ಚಿಕೊಂಡು ನನಗೆ ಸಲ್ಲಿಸುತ್ತಲೇ ಬಂದಿತ್ತು.